ಒಂದು ತಾಸಿನ ಬೆಂಗಳೂರು

"ವಿಮಾನದಾಗ ಬರೇ ಒಂದ್ ತಾಸು ಮಾಮಾ. ಚಾ ಕುಡದು ಕಪ್ ಇಡೂದ್ರಾಗ ಬೆಂಗಳೂರು ಬಂದಿರ್ತದ" ಅಂದ ತಂಗಿಯ ಮಗ. ಬೆಳಗಾವಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 450 ಕಿಲೋಮೀಟರ್, ರಸ್ತೆಯಲ್ಲಾದರೆ 500ರ ಮೇಲೆ ಅಂತ ಫೋನ್ ನೋಡಿ ಲೆಕ್ಕ ಬೇರೆ ಒಪ್ಪಿಸಿದ. ಉಳಿದ ಐವತ್ತು ಕಿಲೋಮೀಟರನ್ನು ತನ್ನ ಕಿಸೆಯಿಂದಲೇ ತೆಗೆದು ಕೊಟ್ಟವನ ಹಾಗಿತ್ತು ದನಿ.

ತಪ್ಪು ಅವನದಲ್ಲ. ನಮ್ಮ ಕಡೆ ದೂರ ಕೇಳಿದರೆ ತಾಸಿನಲ್ಲೇ ಹೇಳುವುದು. ಗೋಕಾಕ ಎಷ್ಟು ದೂರ? ಒಂದೂವರೆ ತಾಸು. ಮುಗೀತು.

ಹೊರಡುವ ದಿನ ಕಾಕಾನನ್ನು ಹತ್ತಿಸಿಕೊಂಡು ಬಂದರೆ ಟಿಳಕವಾಡಿಯ ಎರಡನೇ ರೈಲ್ವೆ ಗೇಟ್ ಹಾಕಿತ್ತು. ಕಾಕಾ ಶೇಂಗಾ ಹಿಂಡಿಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದ. ಗೂಡ್ಸ್ ಗಾಡಿ ಬಂತು. ಕಾಕಾ ಅದರ ಡಬ್ಬಿ ಎಣಿಸತೊಡಗಿದ. ನಾನೂ ಸುಮ್ನೆ ಎಣಿಸಿದೆ. ಕೊನೆಯ ಡಬ್ಬಿ ದಾಟಿದಾಗ ನನ್ನದು ನಲವತ್ತೆರಡು, ಕಾಕಾನದು ನಲವತ್ತಮೂರು. ಅಷ್ಟರಲ್ಲಿ ಒಬ್ಬ ಬೈಕನ್ನು ಓರೆ ಮಾಡಿ, ತಲೆ ತಗ್ಗಿಸಿ, ಗೇಟಿನ ಕೆಳಗೇ ತೂರಿಕೊಂಡು ಹೋದ. ಗೇಟ್ ತೆಗೆಯಲಿಲ್ಲ, ಎದುರಿನಿಂದ ಇನ್ನೊಂದು ಗಾಡಿಯಂತೆ. ಕಡೆಗೂ ತೆಗೆದಾಗ ಆ ಕಡೆಯವರು ರಸ್ತೆ ಪೂರ್ತಿ ತುಂಬಿಕೊಂಡಿದ್ದರು, ಈ ಕಡೆ ನಾವೂ ಪೂರ್ತಿ ತುಂಬಿಕೊಂಡಿದ್ದೆವು. ಅರ್ಧ ರಸ್ತೆ ಎದುರಿನವರದು ಅನ್ನುವ ಬುದ್ಧಿ ಈ ಊರಿಗೆ ಯಾವಾಗ ಬರುತ್ತದೋ! ಎಲ್ಲರೂ ಹಾರ್ನ್ ಒತ್ತಿದರು. ನಾನೂ ಒತ್ತಿದೆ, ಜಾಸ್ತಿನೇ ಒತ್ತಿದೆ.

"ರೈಲಿಗೆ ಹೋಗೂಣು ಅಂದ್ರ ಕೇಳಲಿಲ್ಲ ನೀ" ಅಂದ ಕಾಕಾ. "ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಉಂಡು ಹತ್ತಬೇಕು, ಎದ್ದು ಇಳೀಬೇಕು. ಮಲಗಿದ್ದನ್ನ ಯಾರರ ಲೆಕ್ಕಾ ಹಿಡೀತಾರೇನು? ರೈಲಿಗೆ ಸೊನ್ನಿ ತಾಸು!"

ಮೀಟರ್ ಗೇಜಿನ ಕಾಲದಿಂದ ಆ ದಾರಿಯಲ್ಲಿ ಓಡಾಡಿದವನು. ಅವನ ಗಣಿತಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸಾಂಬ್ರಾ ಮುಟ್ಟಿದೆವು. 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ ವಿಮಾನ ನಿಲ್ದಾಣ ಅದು, ಊರಿಂದ ಹತ್ತು ಕಿಲೋಮೀಟರ್. ಅವರಿಗೆ ಯುದ್ಧದ ಅವಸರವಿತ್ತು. ನಮಗೆ ಎರಡು ತಾಸು ಮೊದಲೇ ಬಂದು ಕೂರುವ ಕರ್ಮ. ವಿಮಾನದವರ ತಾಸು ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಆ ಕಡೆ ಹೋಗಿ ನಿಂತಾಗ. ಗೇಟು, ಹಾರ್ನು, ತಪಾಸಣೆಗೆ ಬೆಲ್ಟು ಬಿಚ್ಚಿ ಕಟ್ಟಿದ್ದು, ಇವೆಲ್ಲ ನಮ್ಮ ಖಾಸಗಿ ವ್ಯವಹಾರ.

ಹಾರಿದ್ದು ನಿಜಕ್ಕೂ ಒಂದೇ ತಾಸು. ಕಾಕಾ ಕಣ್ಣು ಮುಚ್ಚಿದ, ಆಗಲೇ ಇಳೀರಿ ಅಂದರು. ಅದಕ್ಕೂ ಸಿಟ್ಟು ಬಂತು ಅವನಿಗೆ. ದೇವನಹಳ್ಳಿಯಿಂದ ಜಯನಗರ ಮುಟ್ಟುವಷ್ಟರಲ್ಲಿ ಮತ್ತೆರಡು ತಾಸು. ಅಲ್ಲಿ ಕಾರಿನಲ್ಲಿ ಚೆನ್ನಾಗಿ ಗೊರಕೆ ಹೊಡೆದ. ಅವನ ಲೆಕ್ಕದಲ್ಲಿ ಅದೂ ಸೊನ್ನೆಯೇ ಇರಬೇಕು.

ಬಾಗಿಲು ತೆಗೆದ ಹುಡುಗ ನಗುತ್ತ ಕೇಳಿದ, "ಅಜ್ಜಾ, ಹೆಂಗಿತ್ತು ವಿಮಾನ?"

ಕಾಕಾ ಹಿಂಡಿ ಡಬ್ಬ ಅವನ ಕೈಗಿಟ್ಟು, ನನ್ನ ಕಡೆ ತಿರುಗಿ ಹೇಳಿದ: "ನಲವತ್ತಮೂರ ಇದ್ವು ನೋಡು."