ಕಾನ್‌ನ ಕಾರ್ಪೆಟ್ಟು, ಕಾನದ ಬಸ್ಸು

ತಂಗಿಯ ಮಗಳು ಮೊನ್ನೆ ಕಾನ್ ಚಿತ್ರೋತ್ಸವದ ತಾರೆಯರ ಹಾಗೆ ಮುಖಕ್ಕೆ ಮೇಕಪ್ ಬಳಿದುಕೊಂಡು ಆಫೀಸಿಗೆ ಹೋದಳು. ಮ್ಯಾನೇಜರ್ ಹತ್ತಿರ ಕರೆದು, “ಜ್ವರ ಉಂಟಾ? ಬೇಕಾದರೆ ಮನೆಗೆ ಹೋಗಿ” ಎಂದರಂತೆ.

ಅವಳನ್ನು ಬೈಯಲಾರೆ. ಅವಳು ಓದಿ ಕಲಿತ ಲೇಖನ ನಿಮ್ಮ ಫೋನಿಗೂ ಬಂದಿರುತ್ತದೆ. ಪ್ರತಿ ಮೇ ತಿಂಗಳಲ್ಲಿ, ಹಲಸಿನ ಹಣ್ಣಿನ ಹಿಂದೆ ನೊಣ ಬಂದ ಹಾಗೆ, ಅದು ಬರುತ್ತದೆ. ತಾರೆಯರ ರೆಡ್ ಕಾರ್ಪೆಟ್ ಮೇಕಪ್ಪನ್ನು ದಿನಬಳಕೆಗೆ ಒಗ್ಗಿಸಿಕೊಳ್ಳುವುದು ಹೇಗೆ, ಅಂತ. ಮೊದಲು ಪ್ರೈಮರ್, ಮೇಲೆ ಫೌಂಡೇಶನ್, ಕಣ್ಣಿನ ಕೆಳಗೆ ಕನ್ಸೀಲರ್, ಕೆನ್ನೆ ಇದ್ದವರಿಗೆ ಇಲ್ಲದ ಹಾಗೆ ಕಾಣಲು ಕಂಟೂರ್, ಇಲ್ಲದವರಿಗೆ ಇದ್ದ ಹಾಗೆ ಕಾಣಲು ಬ್ಲಶ್, ಎಲುಬಿನ ಮೇಲೆ ಹೈಲೈಟರ್, ಎಲ್ಲದರ ಮೇಲೆ ಸೆಟ್ಟಿಂಗ್ ಸ್ಪ್ರೇ. ಇಷ್ಟೆಲ್ಲ ಆದ ಮೇಲೆ ನೋಡಿದವರಿಗೆ ಮುಖಕ್ಕೆ ಏನೂ ಹಚ್ಚಿಲ್ಲ ಅನ್ನಿಸಬೇಕಂತೆ. ಈ ಮಾತು ನನಗೆ ಬಹಳ ಹಿಡಿಸಿತು. ಏನೂ ಹಚ್ಚಿಲ್ಲ ಅನ್ನಿಸಲು ಏನೂ ಹಚ್ಚದೆ ಇರುವ ದಾರಿಯೂ ಒಂದುಂಟು. ನನ್ನ ಅಮ್ಮ ಜೀವಮಾನವಿಡೀ ಅದನ್ನೇ ಹಿಡಿದಿದ್ದರು. ಪಾಪ, ಅದೊಂದು ಲುಕ್ಕು ಅಂತ ಗೊತ್ತಾಗದೆ ಹೋದರು.

ಫ್ರಾನ್ಸಿನ ಆ ಊರಿನ ಹೆಸರನ್ನು ಕೇನ್ಸ್, ಕ್ಯಾನ್ಸ್ ಎಂದೆಲ್ಲ ಓದುತ್ತಿದ್ದ ನಮಗೆ ಅದು ಕಾನ್ ಎಂದು ಗೊತ್ತಾದದ್ದು ತಡವಾಗಿ. ಗೊತ್ತಾದ ದಿನ ಹಿಗ್ಗಿ ಹೋದೆ. ಯಾಕೆಂದರೆ ನಮ್ಮದೂ ಕಾನವೇ, ಸುರತ್ಕಲ್ ಪಕ್ಕದ ಕಾನ. ಅಲ್ಲಿ ಕಡಲು, ಇಲ್ಲೂ ಹತ್ತಿರದಲ್ಲೇ ಕಡಲು. ಅಲ್ಲಿ ತಾರೆಯರ ಉದ್ದುದ್ದ ಕಾರುಗಳು, ಇಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ ಕಡೆಯ ಉದ್ದುದ್ದ ಟ್ಯಾಂಕರುಗಳು. ಅಲ್ಲಿ ಕೆಂಪು ಹಾಸು, ಇಲ್ಲಿ ಕೆಂಪು ಧೂಳು. ಅವರು 24 ಮೆಟ್ಟಿಲು ಹತ್ತಬೇಕು. ನಮ್ಮ ಬಸ್ಸಿಗೆ ಎರಡೋ ಮೂರೋ, ಆದರೆ ಮೊದಲನೆಯದು ಮೊಣಕಾಲಿನಷ್ಟು ಎತ್ತರ, ಅದರ ಮೇಲೆ ಕಾಲು ಊರುವ ಮೊದಲೇ ಕಂಡಕ್ಟರ್ “ರೈಟ್, ಪೋಯಿ” ಅಂದಾಗಿರುತ್ತದೆ. ಅಲ್ಲಿ ಮೆಟ್ಟಿಲಲ್ಲಿ ನಿಂತು ಹಿಂತಿರುಗಿ ನೋಡಿದರೆ ಕ್ಯಾಮೆರಾ ಮಿಂಚುತ್ತದೆ. ಇಲ್ಲಿ ಹಿಂತಿರುಗಿ ನೋಡಿದರೆ “ದುಂಬು ಪೋಲೆ, ದುಂಬು ಪೋಲೆ” (ಮುಂದೆ ಹೋಗಿ) ಎಂದು ಯಾರದ್ದೋ ಟಿಫಿನ್ ಬ್ಯಾಗು ಸೊಂಟಕ್ಕೆ ತಾಗುತ್ತದೆ.

ತಂಗಿಯ ಮಗಳ ಜೊತೆ ಅವತ್ತು ನಾನೂ ಅದೇ ಬಸ್ಸಿನಲ್ಲಿದ್ದೆ, ಪೇಟೆಯಲ್ಲಿ ಒಂದು ಸೀರೆ ಕೊಳ್ಳುವುದಿತ್ತು. ಹುಡುಗಿ ಬೆಳಿಗ್ಗೆ ಒಂದು ಗಂಟೆ ಹತ್ತು ನಿಮಿಷ ಕನ್ನಡಿ ಮುಂದೆ ಕೂತು ಬಂದಿದ್ದಳು. ಬೈಕಂಪಾಡಿಯವರೆಗೆ ಮುಖ ಗಟ್ಟಿ ಇತ್ತು. ಕೂಳೂರು ಸೇತುವೆ ಹತ್ತಿರ ಬ್ಲಾಕ್. ಮೇ ತಿಂಗಳ ನಮ್ಮ ಸೆಕೆ ಗೊತ್ತಲ್ಲ, ಸ್ನಾನ ಮಾಡಿ ಮೈ ಒರೆಸುತ್ತಿರುವಾಗಲೇ ಮತ್ತೆ ಬೆವರುವ ಸೆಕೆ. ಮೊದಲು ಮೇಲ್ತುಟಿಯಲ್ಲಿ ಬಿರುಕು ಬಿಟ್ಟಿತು. ಆಮೇಲೆ ಹಣೆಯಂಚಿನಿಂದ ಒಂದು ಹನಿ ಹೊರಟು, ಕೆನ್ನೆಯ ಹೈಲೈಟರನ್ನು ಸೀಳಿಕೊಂಡು, ದವಡೆಯ ತುದಿಗೆ ಬಂದು ಜೋತುಬಿತ್ತು. ಅದು ಬಂದ ದಾರಿಯಲ್ಲಿ ಮಾತ್ರ ಅವಳ ಸ್ವಂತ ಮುಖ ಕಾಣುತ್ತಿತ್ತು, ಒಂದು ಗೆರೆಯಷ್ಟು. ನಾನು ಕರ್ಚೀಫು ತೆಗೆದೆ.

“ಮುಟ್ಬೇಡಿ ದೊಡ್ಡಮ್ಮ, ಒರೆಸಿದ್ರೆ ಎಲ್ಲ ಹೋಗ್ತದೆ.”

ಈ ವಿಷಯದಲ್ಲಿ ಮಂಗಳೂರಿನವರಿಗೆ ಉಳಿದವರಿಗಿಂತ ಹೆಚ್ಚು ಹುಚ್ಚು ಇರುವುದಕ್ಕೆ ಕಾರಣವೂ ಉಂಟು. ಐಶ್ವರ್ಯಾ ರೈ ಹುಟ್ಟಿದ್ದು ಇಲ್ಲೇ, 2002ರಿಂದ ಕಾನ್ ಉತ್ಸವಕ್ಕೆ ಹೋಗಿ ಬರುತ್ತಿದ್ದಾರೆ. 2022ರಲ್ಲಿ ಅಲ್ಲಿ ತೀರ್ಪುಗಾರರ ಸಾಲಿನಲ್ಲಿ ಕೂತ ದೀಪಿಕಾ ಅವರ ಪಡುಕೋಣೆ ಕುಂದಾಪುರದಾಚೆಯ ಹಳ್ಳಿ. ಇಬ್ಬರೂ ನಮ್ಮವರೇ. ಕೇಳಿ ನೋಡಿ, ಎರಡು ಮನೆಗೊಬ್ಬರು ಸಂಬಂಧ ಹೇಳುತ್ತಾರೆ. 2016ರಲ್ಲಿ ಐಶ್ವರ್ಯಾ ತುಟಿಗೆ ನೇರಳೆ ಬಣ್ಣ ಹಚ್ಚಿಕೊಂಡು ಹೋದಾಗ ದೇಶವಿಡೀ ನಕ್ಕಿತು. ಅದೇ ಬಣ್ಣವನ್ನು ನಾವು ನೇರಳೆ ಮರದ ಬುಡದಿಂದ ಪುಕ್ಕಟೆ ತರುತ್ತಿದ್ದೆವು, ತುಟಿ, ನಾಲಿಗೆ, ಲಂಗ ಮೂರಕ್ಕೂ ಹೊಂದುವ ಹಾಗೆ. ಮನೆಗೆ ಬಂದರೆ ಪೆಟ್ಟು.

ಅದೇ 2016ರಲ್ಲಿ ಜೂಲಿಯಾ ರಾಬರ್ಟ್ಸ್ ಅದೇ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದರು. ಅದರ ಹಿಂದಿನ ವರ್ಷ ಹಿಮ್ಮಡಿ ಇಲ್ಲದ ಚಪ್ಪಲಿ ಹಾಕಿದ ಹೆಂಗಸರನ್ನು ಬಾಗಿಲಲ್ಲೇ ತಡೆದರು ಎಂದು ಗಲಾಟೆಯಾಗಿತ್ತು. ನೇರಳೆ ತುಟಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂದು ಎಷ್ಟೋ ಜನ ಬರೆದರು. ಬರಿಗಾಲನ್ನು ದಿನಬಳಕೆಗೆ ತನ್ನಿ ಎಂದು ಬರೆದದ್ದು ನಾನು ನೋಡಲಿಲ್ಲ. ಬರಿಗಾಲು ಡಬ್ಬಿಯಲ್ಲಿ ಬರುವುದಿಲ್ಲ, ಮಾರುವುದು ಏನನ್ನು? ಲಾರಿಯಲ್ ಕಂಪನಿ 1997ರಿಂದ ಆ ಉತ್ಸವದ ಅಧಿಕೃತ ಮೇಕಪ್ ಪಾಲುದಾರ. ಅಂದರೆ ನಾವು ಬಾಯಿ ಬಿಟ್ಟು ನೋಡುವ ಆ ಕೆಂಪು ಹಾಸು ಅರ್ಧ ಸಿನಿಮಾದ್ದು, ಅರ್ಧ ಡಬ್ಬಿಯದ್ದು.

ಬಸ್ಸು ಕೊಟ್ಟಾರ ಚೌಕಿಗೆ ಬಂತು. ಚೌಕಿ ಅಂದ ಕೂಡಲೇ ನನ್ನ ತಲೆ ಬೇರೆ ಕಡೆ ಹೋಗುತ್ತದೆ, ಹೋಗಲಿ ಬಿಡಿ. ಚಿಕ್ಕವಳಿದ್ದಾಗ ಯಕ್ಷಗಾನದ ಆಟಕ್ಕೆ ಹೋದರೆ ನಾವು ಮೊದಲು ಓಡುತ್ತಿದ್ದದ್ದು ರಂಗಸ್ಥಳಕ್ಕಲ್ಲ, ವೇಷ ಕಟ್ಟುವ ಚೌಕಿಗೆ. ಕೊಯ್ಲಾದ ಗದ್ದೆ, ಮಡಲಿನ ಮರೆ, ಒಳಗೆ ಸಾಲಾಗಿ ಪೆಟ್ಟಿಗೆಗಳು, ಒಂದೊಂದರ ಎದುರು ಚಕ್ಕಳಮಕ್ಕಳ ಹಾಕಿ ಕೂತ ಒಬ್ಬೊಬ್ಬರು. ರಾಕ್ಷಸ ಪಾತ್ರದ, ಅಂದರೆ ಬಣ್ಣದ ವೇಷದವರು ಪುಟ್ಟ ಕನ್ನಡಿ ನೋಡಿಕೊಂಡು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಎಬ್ಬಿಸುತ್ತಿದ್ದರು. ಮೂರು ನಾಲ್ಕು ಗಂಟೆಯ ಕೆಲಸ. ಮಾತಿಲ್ಲ, ನಗುವಿಲ್ಲ, ಕೆನ್ನೆ ಅಲ್ಲಾಡಿದರೆ ಚಿಟ್ಟಿ ಉದುರೀತು. ನಡುರಾತ್ರಿ ಕಳೆದು ಆ ಮುಖ ತೆರೆಯ ಹಿಂದಿನಿಂದ ಆರ್ಭಟಿಸಿದರೆ ಮುಂದಿನ ಸಾಲಿನ ಮಕ್ಕಳೆಲ್ಲ ಅಜ್ಜಿಯ ಸೆರಗಿನೊಳಗೆ. ಬೆಳಗಾದ ಮೇಲೆ ಅದೇ ರಾಕ್ಷಸ ತೆಂಗಿನೆಣ್ಣೆ ಹಾಕಿ ಮುಖ ಉಜ್ಜಿಕೊಂಡು, ಬೀಡಿ ಹಚ್ಚಿ, ಮೊದಲ ಬಸ್ಸಿಗೆ ಕಾಯುತ್ತಿದ್ದ. ಕಿವಿಯ ಹಿಂದೆ ಮಾತ್ರ ಚೂರು ಕೆಂಪು ಉಳಿದಿರುತ್ತಿತ್ತು. ಶೂರ್ಪನಖಿಯ ಲುಕ್ಕನ್ನು ಪಂಚಾಯತ್ ಆಫೀಸಿಗೆ ಹೇಗೆ ಒಗ್ಗಿಸಬಹುದು ಎಂದು ಯಾರೂ ಅವನನ್ನು ಕೇಳಲಿಲ್ಲ.

ಹಾಗಂತ ವಿದೇಶದವರಿಗೆ ವೇಷ ಗೊತ್ತಿಲ್ಲ ಅನ್ನಲಾರೆ. ಡೋಜಾ ಕ್ಯಾಟ್ ಎಂಬ ಗಾಯಕಿ 2023ರ ಜನವರಿಯಲ್ಲಿ ಪ್ಯಾರಿಸ್ಸಿನ ಒಂದು ಫ್ಯಾಷನ್ ಶೋಗೆ ಕೆಂಪು ಬಳಿದುಕೊಂಡು, 30,000 ಹರಳು ಅಂಟಿಸಿಕೊಂಡು ಬಂದರು. ಮೇಕಪ್ ಕಲಾವಿದೆ ಪ್ಯಾಟ್ ಮೆಕ್‌ಗ್ರಾತ್ ಮತ್ತು ಅವರ ತಂಡಕ್ಕೆ ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು. ಫೋಟೊ ನೋಡಿ ನನಗೆ ಗೌರವವೇ ಬಂತು. ಇದು ಅಪ್ಪಟ ಬಣ್ಣದ ವೇಷ, ನಮ್ಮ ಚೌಕಿಯವರೂ ತಲೆದೂಗಿಯಾರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ ಡೋಜಾ ಕ್ಯಾಟ್ ಬೆಕ್ಕಿನ ಮೂಗು ಅಂಟಿಸಿಕೊಂಡು ಹೋದರು, ಕೇಳಿದ ಪ್ರಶ್ನೆಗೆ “ಮಿಯಾಂವ್” ಎಂದರು. ವೇಷ ಚೆನ್ನಾಗಿತ್ತು, ಅರ್ಥಗಾರಿಕೆ, ಅಂದರೆ ಪಾತ್ರದ ಮಾತು, ಸ್ವಲ್ಪ ತೆಳುವಾಯಿತು.

2025ರಲ್ಲಿ ಕಾನ್ ಮುಗಿದದ್ದು ಮೇ 24ಕ್ಕೆ. ನಮ್ಮ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯ ದಿನವೂ ಅದರ ಆಸುಪಾಸಿನಲ್ಲೇ. ಪತ್ತನಾಜೆ ಕಳೆದರೆ ವೇಷ ಪೆಟ್ಟಿಗೆ ಸೇರುತ್ತದೆ, ಅದು ಹಿಂದಿನಿಂದ ಬಂದ ಕ್ರಮ. ಕಾನ್‌ನವರಿಗೆ ಪತ್ತನಾಜೆ ಇಲ್ಲ. ಅವರದ್ದು ಮುಗಿದ ಮೇಲೆ ವೇಷ ನಮ್ಮ ಮನೆಗೆ ಬರುತ್ತದೆ.

ಹಂಪನಕಟ್ಟೆಯಲ್ಲಿ ಇಳಿದು ಒಂದು ಜವಳಿ ಅಂಗಡಿ ಹೊಕ್ಕೆ. ಸೀರೆ ತೋರಿಸಿದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮುಖ ಒಂದು ಬಣ್ಣ, ಸೀರೆ ಬಿಡಿಸುವ ಕೈ ಇನ್ನೊಂದು ಬಣ್ಣ. ದವಡೆಯ ಅಡಿಯಲ್ಲಿ ಎರಡೂ ಸೇರುವಲ್ಲಿ ಸುಣ್ಣ ಬಳಿದ ಗೋಡೆಯ ಅಂಚಿನಂಥ ಗೆರೆ. ಬಂಟ್ವಾಳದ ಕಡೆಯಿಂದ ಬರುವುದಂತೆ.

“ಇಷ್ಟು ಸೆಕೆಗೆ ಇದೆಲ್ಲ ಯಾಕಮ್ಮ?”

“ಹಾಕ್ಲೇಬೇಕು ಮೇಡಂ. ಲಿಪ್‌ಸ್ಟಿಕ್ ಇಲ್ಲದಿದ್ರೆ ಸೂಪರ್‌ವೈಸರ್ ಡಲ್ ಕಾಣ್ತಿ ಅಂತ ವಾಪಸ್ ಕಳಿಸ್ತಾರೆ.”

“ಅದಕ್ಕೆ ದುಡ್ಡು ಕೊಡ್ತಾರಾ?”

ಅವಳು ನಕ್ಕಳು. ತುಟಿಯ ಮೂಲೆಯಲ್ಲಿ ಬಣ್ಣ ಒಡೆಯಿತು.

ಇನ್ನು ತಮಾಷೆ ಸಾಕು. ಕಾನ್‌ನಲ್ಲಿ ಕಂಪನಿಯ ಹೆಸರು ಹೊತ್ತು ಮುಖಕ್ಕೆ ಬಳಿದುಕೊಳ್ಳುವವರಿಗೆ ದುಡ್ಡು ಸಿಗುತ್ತದೆ. ಚೌಕಿಯಲ್ಲೂ ಸಿಗುತ್ತದೆ, ಎಷ್ಟೇ ಕಡಿಮೆಯಿರಲಿ. ತನ್ನ ಸಂಬಳದಿಂದ ತಾನೇ ಕೊಟ್ಟು ವೇಷ ಕಟ್ಟಬೇಕಾದವಳು ಇವಳು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಟ್ಟಿಕೊಂಡು ನಿಲ್ಲಬೇಕಾದವಳೂ ಇವಳೇ. ಅದೂ ಅವಳ ಬಣ್ಣದ್ದಲ್ಲ, ಎರಡು ಪಟ್ಟು ಬೆಳ್ಳಗಿನ ಡಬ್ಬಿ. ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಆ್ಯಂಡ್ ಲವ್ಲಿ ಆಯಿತು, ಸೂಪರ್‌ವೈಸರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನಿಲ್ಲಬೇಕು ಅಂದೆನಲ್ಲ, ನಿಜವಾಗಿ ನಿಲ್ಲಬೇಕು. ಆ ಮಾಳಿಗೆಯಲ್ಲಿ ಗಿರಾಕಿಗಳಿಗೆ ಆರು ಕುರ್ಚಿ ಇತ್ತು, ಹುಡುಗಿಯರಿಗೆ ಒಂದು ಸ್ಟೂಲೂ ಇರಲಿಲ್ಲ. ತಲಪಾಡಿ ದಾಟಿದರೆ ಕೇರಳ. ಅಂಗಡಿಯ ಹೆಣ್ಣುಮಕ್ಕಳೇ ಹೋರಾಡಿ, 2018ರಲ್ಲಿ ಅಲ್ಲಿ ಕೂರುವುದಕ್ಕೆ ಕಾನೂನು ಮಾಡಿಸಿಕೊಂಡರು. ಕೂರುವುದಕ್ಕೆ ಕಾನೂನು, ಮಾರಾಯ್ರೆ! ಹೀಗಿರುವಾಗ ಯಾರೋ ಒಬ್ಬರು ಏಸಿಯಲ್ಲಿ ಕೂತು ‘ಕೆಲಸದ ದಿನಕ್ಕೂ ಇರಲಿ ಕಾನ್‌ನ ಕಳೆ’ ಅಂತ ಬರೆಯುತ್ತಾರೆ.

ಹತ್ತೆಂಟು ಸೀರೆ ಬಿಚ್ಚಿಸಿ ಒಂದನ್ನೂ ಆರಿಸಲಾಗದೆ ಕೂತಿದ್ದೆ. ತಟಕ್ಕನೆ ಕರೆಂಟ್ ಹೋಯಿತು. ಮೂಲೆಯ ಕ್ಯಾಮೆರಾದ ಕೆಂಪು ದೀಪವೂ ಆರಿತು. ಆ ಕತ್ತಲಲ್ಲಿ ನಾಲ್ಕೂ ಹುಡುಗಿಯರು, ಯಾರೂ ಹೇಳದೆ, ಕೌಂಟರಿನ ಹಿಂದೆ ನೆಲದ ಮೇಲೆ ಕೂತುಬಿಟ್ಟರು. ಒಬ್ಬಳು ಕಾಲು ಚಾಚಿ ಹಿಮ್ಮಡಿ ತಿಕ್ಕಿಕೊಂಡಳು. ಕೆಳಗೆ ಜನರೇಟರ್ ಗುರುಗುಟ್ಟಿದ್ದೇ ಎಲ್ಲರೂ ಎದ್ದು ನಿಂತಿದ್ದರು.