ಇಸ್ತ್ರಿ ಪೆಟ್ಟಿಗೆ ಎಂಡ್‌ನಿಂದ ಬೌಲಿಂಗ್

ಡಿಸೆಂಬರ್ ತಿಂಗಳು, ರಾತ್ರಿ ಹೊತ್ತು, ಉತ್ತರ ಪ್ರದೇಶ. ಅಲ್ಲಿ ಮಂಜು ಬೀಳಬಹುದು ಅಂತ ಯಾರಿಗಾದರೂ ಹೊಳೆಯೋಕೆ ಸಾಧ್ಯವಾ? ಪಾಪ, ಕ್ರಿಕೆಟ್ ಮಂಡಳಿಗೂ ಹೊಳೆಯಲಿಲ್ಲ. 2025ರ ಡಿಸೆಂಬರ್ 17ರಂದು ಲಖನೌದಲ್ಲಿ ಭಾರತ, ದಕ್ಷಿಣ ಆಫ್ರಿಕಾ ಟಿ20 ಒಂದು ಬಾಲೂ ಬೀಳದೆ ರದ್ದಾಯಿತು. ಅಂಪೈರ್‌ಗಳು ಹೊರಗೆ ಬಂದರು, ಮಂಜು ನೋಡಿದರು, ಒಳಗೆ ಹೋದರು. ಮತ್ತೆ ಬಂದರು. ರಾತ್ರಿ ಬೆಳೆದಂತೆ ಮಂಜು ಕರಗುತ್ತದೆ ಎಂಬ ಹೊಸ ವಿಜ್ಞಾನದ ಮೇಲೆ ಜನರನ್ನು ಒಂಬತ್ತು ಗಂಟೆ ದಾಟುವವರೆಗೂ ಕೂರಿಸಿಕೊಂಡರು.

ಆ ಮೈದಾನದ ಪೂರ್ತಿ ಹೆಸರು ಗೊತ್ತಲ್ವಾ? ಭಾರತ ರತ್ನ ಶ್ರೀ ಅಟಲ್ ಬಿಹಾರಿ ವಾಜಪೇಯಿ ಏಕಾನಾ ಕ್ರಿಕೆಟ್ ಸ್ಟೇಡಿಯಂ. ಕಾಮೆಂಟರಿಯವರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಜಡೇಜಾ ಒಂದು ಓವರ್ ಮುಗಿಸಿ ಟೋಪಿ ಇಸ್ಕೊಂಡಿರುತ್ತಾರೆ. 2018ರಲ್ಲಿ ಅಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯಕ್ಕೆ ಒಂದು ದಿನ ಮುಂಚೆ ಇಟ್ಟ ಹೆಸರು ಇದು. ಅಹಮದಾಬಾದ್‌ನಲ್ಲಿ ಸರ್ದಾರ್ ಪಟೇಲರ ಹೆಸರಿದ್ದ ಮೈದಾನ 2021ರಲ್ಲಿ ನರೇಂದ್ರ ಮೋದಿ ಸ್ಟೇಡಿಯಂ ಆಯಿತು. ಅಲ್ಲಿ ಒಂದು ತುದಿ ಅದಾನಿ ಎಂಡ್, ಇನ್ನೊಂದು ರಿಲಯನ್ಸ್ ಎಂಡ್. ಬೌಲರ್ ಯಾವ ಕಡೆಯಿಂದ ಓಡಿ ಬಂದರೂ ಲಾಭವೇ.

ಹೆಸರಿನ ಹುಚ್ಚು ಹೊಸದೇನಲ್ಲ ಬಿಡಿ. ಬಾಂಬೆಯಲ್ಲಿ ಮೈದಾನಕ್ಕೆ ಜಾಗ ಬೇಕಿದ್ದಾಗ ಮಂಡಳಿಯ ಡಿಮೆಲ್ಲೊ ಅಲ್ಲಿನ ಗವರ್ನರ್ ಲಾರ್ಡ್ ಬ್ರೆಬೋರ್ನ್ ಹತ್ತಿರ ಹೋಗಿ, ಸರ್ಕಾರಕ್ಕೆ ದುಡ್ಡು ಬೇಕೋ, ತಮಗೆ ಅಮರತ್ವ ಬೇಕೋ ಅಂತ ಕೇಳಿದರು ಎಂಬ ಕಥೆ ಇದೆ. ಗವರ್ನರ್ ಎರಡನೆಯದನ್ನೇ ಆರಿಸಿಕೊಂಡರು. 1937ಕ್ಕೆ ಬ್ರೆಬೋರ್ನ್ ಸ್ಟೇಡಿಯಂ ಎದ್ದು ನಿಂತಿತು. ಮುಂದೆ ಟಿಕೆಟ್ ಹಂಚಿಕೆಯಲ್ಲಿ ಅದರ ಒಡೆತನದ ಕ್ರಿಕೆಟ್ ಕ್ಲಬ್ಬಿಗೂ ಮುಂಬೈ ಕ್ರಿಕೆಟ್ ಸಂಸ್ಥೆಗೂ ಜಗಳ ಹತ್ತಿತು. ನಿಮ್ಮ ಟಿಕೆಟ್ಟೂ ಬೇಡ, ನಿಮ್ಮ ಮೈದಾನವೂ ಬೇಡ ಅಂತ ಸಂಸ್ಥೆಯ ವಾಂಖೆಡೆ ಒಂದು ಕಿಲೋಮೀಟರ್ ಒಳಗೇ ಇನ್ನೊಂದು ಸ್ಟೇಡಿಯಂ ಕಟ್ಟಿಸಿಬಿಟ್ಟರು. 1975ರ ಜನವರಿಯಲ್ಲಿ ಅಲ್ಲಿ ಟೆಸ್ಟ್ ಕೂಡ ನಡೆಯಿತು. ನಮ್ಮಲ್ಲಿ ಮದುವೆ ಮನೆಯಲ್ಲಿ ಎಲೆ ಹಾಕಲಿಲ್ಲ ಅಂತ ಮುನಿಸಿಕೊಂಡು ಹೋದವರು ಪಕ್ಕದಲ್ಲೇ ಇನ್ನೊಂದು ಛತ್ರ ಕಟ್ಟಿಸಿದ ಹಾಗೆ. 2011ರ ವಿಶ್ವಕಪ್ ಗೆದ್ದಿದ್ದು ಆ ಸಿಟ್ಟಿನ ಛತ್ರದಲ್ಲೇ.

ಒಟ್ಟಿನಲ್ಲಿ ಆಡಿದವರಿಗೆ ಸ್ಟ್ಯಾಂಡು, ಆಡಿಸಿದವರಿಗೆ ಸ್ಟೇಡಿಯಂ. ನಮ್ಮ ಚಿನ್ನಸ್ವಾಮಿಯವರು ವಕೀಲರು, ಚೆಪಾಕ್‌ನ ಚಿದಂಬರಂ ಉದ್ಯಮಿ. ಮಜಾ ನೋಡಿ, ಹಾಕಿ ಆಡಿದ ರೂಪ್ ಸಿಂಗ್ ಹೆಸರಲ್ಲಿ ಗ್ವಾಲಿಯರ್‌ನಲ್ಲಿ ಇಡೀ ಮೈದಾನವೇ ಇದೆ. 2010ರಲ್ಲಿ ತೆಂಡೂಲ್ಕರ್ ಏಕದಿನದ 200 ಹೊಡೆದದ್ದು ಅಲ್ಲೇ. ಅದೇ ತೆಂಡೂಲ್ಕರ್‌ಗೆ ಮುಂಬೈಯಲ್ಲಿ ಸಿಕ್ಕಿದ್ದು ಒಂದು ಸ್ಟ್ಯಾಂಡು, ಒಂದು ಪ್ರತಿಮೆ. ಮುಂದಿನ ಜನ್ಮದಲ್ಲಿ ಹಾಕಿ ಆಡಲಿ.

ಎಲ್ಲಿಗೋ ಹೋದೆ. ಮಂಜಿಗೆ ಬರೋಣ. ಮಂಜು ಬಿಡಿ, ನೀರಿಗೆ ಬರೋಣ. ಐದು ವರ್ಷದ ಐಪಿಎಲ್ ಪ್ರಸಾರ ಹಕ್ಕನ್ನು 48,390 ಕೋಟಿಗೆ ಮಾರಿದ ಮಂಡಳಿ ಇದು. ಅದರ ಪಂದ್ಯ 2020ರ ಜನವರಿಯಲ್ಲಿ ಗುವಾಹಟಿಯಲ್ಲಿ ಇತ್ತು. ಮಳೆ ಬಂತು, ಹೊದಿಕೆ ಸೋರಿತು, ಪಿಚ್ ನೆನೆಯಿತು. ಆಗ ಏನು ತಂದರು ಹೇಳಿ? ಹೇರ್ ಡ್ರೈಯರ್ ಮತ್ತು ಇಸ್ತ್ರಿ ಪೆಟ್ಟಿಗೆ. ನಮ್ಮ ಮನೆಯಲ್ಲಿ ಮಳೆಗಾಲದ ಸೋಮವಾರ ಬೆಳಗ್ಗೆ ಮಗನ ಯೂನಿಫಾರಂ ಒಣಗದಿದ್ದರೆ ಮಾಡುವ ಉಪಾಯ ಅದು. ಇಸ್ತ್ರಿ ಮಾಡಿಯೂ ಪಂದ್ಯ ಆಗಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಫ್ಗಾನಿಸ್ತಾನ, ನ್ಯೂಜಿಲೆಂಡ್ ಟೆಸ್ಟ್. ಒದ್ದೆ ಹುಲ್ಲಿನ ಮೇಲೆ ಟೇಬಲ್ ಫ್ಯಾನ್ ಇಟ್ಟು ಗಾಳಿ ಹಾಕಿದರು. ಒಂದು ಕಡೆಯ ಹುಲ್ಲು ಅಗೆದು ತೆಗೆದು, ಪ್ರಾಕ್ಟೀಸ್ ಜಾಗದ ಹುಲ್ಲು ತಂದು ತೇಪೆ ಹಾಕಿದರು. ಐದು ದಿನ ಕಳೆದರೂ ಒಂದು ಬಾಲ್ ಬೀಳಲಿಲ್ಲ.

ಬೆಂಗಳೂರಿನವರು ಈಗ ನಗುತ್ತಿರುತ್ತೀರಿ. ನಮ್ಮಲ್ಲಿ ಸಬ್‌ಏರ್ ಇದೆ, ನೆಲದಡಿಯಿಂದಲೇ ನೀರು ಎಳೆದುಕೊಳ್ಳುತ್ತದೆ ಅಂತ. ನಿಜ. 2024ರ ಅಕ್ಟೋಬರ್‌ನಲ್ಲಿ ಒಂದು ದಿನ ಮಳೆ ಸುರಿದು ಮಾರನೇ ದಿನವೇ ಆಟ ಶುರುವಾಯಿತು. ನ್ಯೂಜಿಲೆಂಡ್ ಎದುರು ನಾವು 46ಕ್ಕೆ ಆಲೌಟ್. ಅವತ್ತು ಟೇಬಲ್ ಫ್ಯಾನೇ ವಾಸಿಯಿತ್ತು.

ರಾಯಪುರದ ಸ್ಟೇಡಿಯಂ 3 ಕೋಟಿಗೂ ಜಾಸ್ತಿ ಕರೆಂಟ್ ಬಿಲ್ ಕಟ್ಟದೆ ಸಂಪರ್ಕ ಕಳೆದುಕೊಂಡಿತ್ತು. 2023ರಲ್ಲಿ ಆಸ್ಟ್ರೇಲಿಯಾ ಎದುರಿನ ಪಂದ್ಯಕ್ಕೆ ಫ್ಲಡ್‌ಲೈಟ್ ಉರಿದದ್ದು ಜನರೇಟರ್‌ನಲ್ಲಿ. ನಾನು ಎರಡು ತಿಂಗಳು ಬಿಲ್ ಕಟ್ಟದಿದ್ದರೆ ಲೈನ್‌ಮ್ಯಾನ್ ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಆಮೇಲೆ ನಮ್ಮ ಮನೆಯಲ್ಲಿ ಟಿ20 ಆಡಿಸೋಕೆ ಯಾರೂ ಬರಲ್ಲ.

ಇಷ್ಟೆಲ್ಲ ಆದರೂ ನಾವು ಹೋಗುತ್ತೇವೆ. ನಾನೂ ಹೋಗಿದ್ದೆ, ಯಾವ ಊರು ಅಂತ ಹೇಳಲ್ಲ. ಗೇಟಿನಲ್ಲಿ ನೀರಿನ ಬಾಟಲಿ ಕಸಿದುಕೊಂಡರು. ಜೇಬಿನಲ್ಲಿದ್ದ ಬಸ್ಸಿನ ಚಿಲ್ಲರೆಯನ್ನೂ ಡ್ರಮ್ಮಿಗೆ ಹಾಕಿಸಿದರು, ಎಸೆಯುತ್ತೇನಂತೆ. ಸೀಟಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಅಂಟಿತ್ತು. ಟಿಕೆಟ್ಟಿನಿಂದಲೇ ಕೆರೆದು ಕೂತೆ. ಮುಂದೆ ಕಂಬ. ಕವರ್ಸ್ ಕಡೆ ಹೋದ ಬಾಲು ಕಂಬದ ಆ ಕಡೆ ಮಾಯವಾಗಿ ಈ ಕಡೆ ಬೌಂಡರಿಯಾಗಿ ಬರುತ್ತಿತ್ತು.

ತಮಾಷೆ ಇಲ್ಲಿಗೆ ಸಾಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟಿನ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವತ್ತು ಪಂದ್ಯವೂ ಇರಲಿಲ್ಲ. ಆರ್‌ಸಿಬಿ ಗೆದ್ದ ಐಪಿಎಲ್ ಕಪ್ ನೋಡೋಕೆ ಬಂದ ಹುಡುಗ ಹುಡುಗಿಯರು. ಅವರು ಬರುತ್ತಾರೆ ಅಂತ ಗೊತ್ತಿತ್ತು, ಗೇಟ್ ಎಷ್ಟು ಅಗಲ ಅಂತಲೂ ಗೊತ್ತಿತ್ತು. ಆಮೇಲೆ ತಪ್ಪು ಯಾರದು ಅಂತ ಎಲ್ಲರೂ ಎಲ್ಲರ ಕಡೆ ಬೆರಳು ತೋರಿಸಿದರು. ಬೇಜಾರಾಗುತ್ತದೆ, ಅಷ್ಟೇ.

ಲಖನೌದಲ್ಲಿ ಪಂದ್ಯ ರದ್ದಾದ ಮೇಲೆ ಒಬ್ಬರು ಮೈಕಿನ ಮುಂದೆ ಹೇಳಿದರು: ಮೂರು ಮೂಟೆ ಗೋಧಿ ಮಾರಿ ಬಂದಿದ್ದೆ, ನನ್ನ ದುಡ್ಡು ಕೊಡಿ. ಟಿಕೆಟ್ ಹಣ ವಾಪಸ್ ಕೊಡುತ್ತೇವೆ ಅಂತ ಸಂಸ್ಥೆಯವರು ಪ್ರಕಟಣೆ ಹೊರಡಿಸಿದರು. ಬಸ್ ಚಾರ್ಜ್ ಬಗ್ಗೆ, ಗೋಧಿಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.