ಮುನ್ಸೂಚನೆಯಲ್ಲಿ ನಾವು ಓದದೆ ಬಿಡುವ ಸೆಕೆಂಡುಗಳು

ಬಯಲುಸೀಮೆಯ ನಮಗೆ ಹವಾಮಾನವೆಂದರೆ ಮೊದಲು ಮಳೆ, ಆಮೇಲೆ ಮಿಕ್ಕಿದ್ದು. ಮೆಕ್ಕೆಜೋಳ ಬಿತ್ತಲು ಹದ ನೋಡುವವರಿಂದ ಹಿಡಿದು, ಬೆಳಿಗ್ಗೆ ಎದ್ದೊಡನೆ ಭದ್ರಾ ಜಲಾಶಯದ ಮಟ್ಟವನ್ನು ಪತ್ರಿಕೆಯಲ್ಲಿ ಹುಡುಕುವ ಅಡಿಕೆ ಬೆಳೆಗಾರರವರೆಗೆ ಎಲ್ಲರ ಕಣ್ಣೂ ಮೋಡದ ಮೇಲೆಯೇ ಇರುತ್ತದೆ. ಹೊಲದ ಮಟ್ಟಿಗೆ ಅದು ಸರಿಯಾದ ಅಳತೆಯೇ. ಆದರೆ ಅದೇ ಅಳತೆಗೋಲನ್ನು ಹಿಡಿದು ಸಮುದ್ರವನ್ನು, ಅದರಲ್ಲೂ ಹವಳದ ದಿಬ್ಬದ ಮೇಲೆ ಮುರಿಯುವ ತೆರೆಗಳನ್ನು ಅಳೆಯಲು ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ. ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿದೆ.

ದಾವಣಗೆರೆಯಲ್ಲಿ ನನ್ನ ಬಳಿ ಪಿಯುಸಿಯಲ್ಲಿ ಭೂಗೋಳ ಓದಿದ ಕೆಲವು ಹುಡುಗರು ಈಚಿನ ವರ್ಷಗಳಲ್ಲಿ ಮೂಲ್ಕಿ, ಸಸಿಹಿತ್ಲು ಕಡೆಗೆ ಹೋಗಿ ಸರ್ಫಿಂಗ್ ಕಲಿತಿದ್ದಾರೆ. ಈಗ ಅವರು ಮಾಲ್ಡೀವ್ಸ್‌ನ ತುಲುಸ್ಧೂ ದ್ವೀಪಕ್ಕೆ ಹೊರಟಿದ್ದಾರೆ. ಮಾಲೆ ನಗರದ ಉತ್ತರಕ್ಕಿರುವ ಆ ದ್ವೀಪದ ಪಕ್ಕದಲ್ಲಿ 'ಕೋಕ್ಸ್' ಎಂಬ ಹೆಸರಾಂತ ರೀಫ್ ಬ್ರೇಕ್, ಅಂದರೆ ಹವಳದ ದಿಬ್ಬದ (ರೀಫ್) ಮೇಲೆ ತೆರೆ ಮುರಿಯುವ ಜಾಗ, ಇದೆ. ದ್ವೀಪದಲ್ಲಿರುವ ಕೋಕಾ ಕೋಲಾ ಕಾರ್ಖಾನೆಯಿಂದಾಗಿ ತೆರೆಗೆ ಆ ಹೆಸರು ಬಂದಿದೆ. ಅವರಲ್ಲೊಬ್ಬ ಫೋನು ಮಾಡಿ, "ಸಾರ್, ಆ್ಯಪ್‌ನಾಗೆ ಏಳೂ ದಿನ ಮಳೆ ತೋರಿಸ್ತೈತಿ, ಟಿಕೆಟ್ ಕ್ಯಾನ್ಸಲ್ ಮಾಡಿಬಿಡೋದು ಒಳ್ಳೇದಾ?" ಎಂದು ಕೇಳಿದ. ಅವನು ನನಗೆ ಕಳಿಸಿದ ಮುನ್ಸೂಚನೆಯ ಚಿತ್ರದಲ್ಲಿ ಮಳೆಯ ಗುರುತು, ಉಷ್ಣಾಂಶ, ತೆರೆಯ ಎತ್ತರ ಇಷ್ಟೂ ಇದ್ದವು. ಎತ್ತರದ ಮುಂದಿನ ಕಾಲಂ ಅರ್ಧಕ್ಕೆ ಕತ್ತರಿಸಿಹೋಗಿತ್ತು. ನನ್ನ ಅಭಿಪ್ರಾಯದಲ್ಲಿ ಅವನ ಪ್ರಶ್ನೆಗೆ ಬೇಕಾದ ಉತ್ತರ ಕತ್ತರಿಸಿಹೋದ ಆ ಕಾಲಂನಲ್ಲಿಯೇ ಇತ್ತು.

ಮೊದಲು ಮಳೆಯ ಮಾತು ಮುಗಿಸಿಬಿಡುತ್ತೇನೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾಲ್ಡೀವ್ಸ್‌ನಲ್ಲಿ ನೈಋತ್ಯ ಮಾರುತದ ಕಾಲ. ಮಳೆ ಬರುತ್ತದೆ, ಹೋಗುತ್ತದೆ. ನೀರಿನಲ್ಲಿ ಹೇಗೂ ನೆನೆದಿರುವವನಿಗೆ ಅದರಿಂದ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಮಾಡುವುದು ಗಾಳಿ. ಈ ತಿಂಗಳುಗಳಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಎಡೆಬಿಡದೆ ತಿರುಗಿಸುವುದು ಇದೇ ಪಶ್ಚಿಮದ ಗಾಳಿ. ನಮ್ಮ ಕರಾವಳಿಯಲ್ಲಿ ಅದು ಕಡಲಿನಿಂದ ನೇರವಾಗಿ ದಡಕ್ಕೆ ನುಗ್ಗಿ ನೀರನ್ನೆಲ್ಲ ಕದಡಿ, ತೆರೆಗಳಿಗೆ ಆಕಾರವೇ ಇಲ್ಲದಂತೆ ಮಾಡುತ್ತದೆ. ತುಲುಸ್ಧೂ ಇರುವುದು ಹವಳದ್ವೀಪಗಳ ಉಂಗುರದ ಪೂರ್ವದ ಅಂಚಿನಲ್ಲಿ. ಹಾಗಾಗಿ ಪಶ್ಚಿಮದ ಗಾಳಿ ಅಲ್ಲಿ ದ್ವೀಪದ ಕಡೆಯಿಂದ ಕಡಲಿನತ್ತ ಬೀಸುತ್ತದೆ, ಎದುರಿನಿಂದ ಬರುವ ತೆರೆಯ ಮುಖಕ್ಕೆ ಒತ್ತು ಕೊಟ್ಟು ಅದು ಬೇಗನೆ ಕುಸಿಯದಂತೆ ಹಿಡಿದು ನಿಲ್ಲಿಸುತ್ತದೆ. ಒಂದೇ ಗಾಳಿ ಮಲ್ಪೆಯಲ್ಲಿ ಸರ್ಫಿಂಗ್ ಕೆಡಿಸುತ್ತದೆ, ತುಲುಸ್ಧೂವಿನಲ್ಲಿ ಅದನ್ನು ಸಾಧ್ಯವಾಗಿಸುತ್ತದೆ. ಮಳೆಯ ಚಿತ್ರ ನೋಡಿ ಟಿಕೆಟ್ ರದ್ದು ಮಾಡುವವನು ಆ ಜಾಗದ ಒಳ್ಳೆಯ ಕಾಲವನ್ನೇ ರದ್ದು ಮಾಡಿದಂತೆ.

ಇಲ್ಲಿ ಒಂದು ಮಾತನ್ನು ನಡುವೆ ಹೇಳಲೇಬೇಕು. ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಗಳನ್ನು ಎಣಿಸುವಂತೆ ಮಾಲ್ಡೀವ್ಸ್‌ನ ಮೀನುಗಾರರೂ ವರ್ಷವನ್ನು ಇಪ್ಪತ್ತೇಳು 'ನಕೈ'ಗಳಾಗಿ ಒಡೆದು, ಪ್ರತಿ ಹದಿಮೂರು ಹದಿನಾಲ್ಕು ದಿನಕ್ಕೂ ಗಾಳಿ ಹೇಗಿರುತ್ತದೆ, ಕಡಲು ಹೇಗಿರುತ್ತದೆ ಎಂದು ಹೇಳುತ್ತ ಬಂದಿದ್ದಾರೆ. ಅವರ ಪಟ್ಟಿಯಲ್ಲಿ ರೋನು, ಮಿಯಹೆಲಿಯ, ಅದ, ಫುನೋಸ್ ಎಂದು ಬರುವುದು ಇವೇ ನಕ್ಷತ್ರಗಳು. ಕಡಲಿನ ನಡುವಿನವರೂ ಕಡಲನ್ನೇ ಕಾಣದ ನಮ್ಮ ಹಿರಿಯರೂ ಒಂದೇ ಗಾಳಿಯ ಲೆಕ್ಕವನ್ನು ಒಂದೇ ಕ್ರಮದಲ್ಲಿ ಇಟ್ಟುಕೊಂಡಿದ್ದಾರೆಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನಕೈ ಆಗಲಿ ನಕ್ಷತ್ರವಾಗಲಿ ಋತುವಿನ ಸ್ವಭಾವವನ್ನು ಹೇಳುತ್ತವೆಯೇ ಹೊರತು ಬರುವ ಗುರುವಾರ ದಿಬ್ಬದ ಮೇಲೆ ಎಷ್ಟು ದೊಡ್ಡ ತೆರೆ ಏಳುತ್ತದೆಂದು ಹೇಳುವುದಿಲ್ಲ. ಅದಕ್ಕೆ ದಕ್ಷಿಣಕ್ಕೆ ನೋಡಬೇಕು.

ಮಾಲ್ಡೀವ್ಸ್‌ನ ದೊಡ್ಡ ತೆರೆಗಳು ಹುಟ್ಟುವುದು ಅಲ್ಲಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ನಲವತ್ತರಿಂದ ಅರವತ್ತು ಡಿಗ್ರಿ ದಕ್ಷಿಣ ಅಕ್ಷಾಂಶದ ನಡುವೆ, ಅಡ್ಡ ಬರುವ ನೆಲವೇ ಇಲ್ಲದ ನೀರಿನ ಮೇಲೆ ಬಿರುಗಾಳಿಗಳು ದಿನಗಟ್ಟಲೆ ಬೀಸುತ್ತವೆ. ನಮಗೆ ಬೇಸಿಗೆ ಮತ್ತು ಮುಂಗಾರಾದಾಗ ಅಲ್ಲಿ ಚಳಿಗಾಲ, ಆಗ ಅವುಗಳ ಬಲವೂ ಹೆಚ್ಚು. ಅಲ್ಲಿ ಎದ್ದ ತೆರೆಗಳು ಬಿರುಗಾಳಿಯಿಂದ ಬಿಡಿಸಿಕೊಂಡು, ಸಾಲುಸಾಲಾಗಿ ಜೋಡಿಸಿಕೊಂಡು ಉತ್ತರಕ್ಕೆ ಸಾಗುತ್ತವೆ. ಇವನ್ನೇ ಸ್ವೆಲ್ ಎನ್ನುವುದು. ಲಕ್ಕವಳ್ಳಿಯಲ್ಲಿ ಗೇಟು ಎತ್ತಿದ ಸುದ್ದಿ ಕೇಳಿದ ನಾಲೆಯ ಕೊನೆಭಾಗದ ರೈತ, ತನ್ನೂರಿನಲ್ಲಿ ಮಳೆ ಇದೆಯೋ ಬಿಸಿಲಿದೆಯೋ ಎಂದು ನೋಡದೆ, ನೀರು ಯಾವತ್ತು ತನ್ನ ಗದ್ದೆಗೆ ಮುಟ್ಟುತ್ತದೆಂದು ಲೆಕ್ಕ ಹಾಕುತ್ತಾನಲ್ಲ, ರೀಫ್‌ನ ಮುನ್ಸೂಚನೆಯನ್ನು ಓದುವ ಕ್ರಮವೂ ಅದೇ. ಅಮೆರಿಕದ ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ಸಂಗಡಿಗರು 1963ರಲ್ಲಿ ನ್ಯೂಜಿಲೆಂಡ್‌ನಿಂದ ಅಲಾಸ್ಕಾವರೆಗೆ ಪೆಸಿಫಿಕ್‌ನ ಉದ್ದಕ್ಕೂ ಅಳತೆಯ ಕೇಂದ್ರಗಳನ್ನಿಟ್ಟು, ದಕ್ಷಿಣದ ಬಿರುಗಾಳಿಗಳ ತೆರೆಗಳು ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೆಚ್ಚೇನೂ ಸೊರಗದೆ ಸಾಗುವುದನ್ನು ತೋರಿಸಿದರು. ಇಂದಿನ ಆ್ಯಪ್‌ಗಳ ಹಿಂದೆ ಆ ಕೆಲಸದ ಋಣವಿದೆ.

ಈಗ ಕತ್ತರಿಸಿಹೋದ ಕಾಲಂಗೆ ಬರುತ್ತೇನೆ. ಅದರಲ್ಲಿರುವುದು ಸೆಕೆಂಡುಗಳು. ಒಂದು ತೆರೆಯ ನೆತ್ತಿ ದಾಟಿದ ಮೇಲೆ ಮುಂದಿನ ತೆರೆಯ ನೆತ್ತಿ ಅದೇ ಜಾಗಕ್ಕೆ ಬರಲು ಹಿಡಿಯುವ ಸಮಯ ಅದು. ಎರಡು ದಿನಗಳ ಮುನ್ಸೂಚನೆಯಲ್ಲಿ ಎತ್ತರ ಒಂದೇ, ಒಂದೂವರೆ ಮೀಟರ್, ಎಂದಿಟ್ಟುಕೊಳ್ಳೋಣ. ಒಂದು ದಿನ 9 ಸೆಕೆಂಡ್, ಇನ್ನೊಂದು ದಿನ 16 ಸೆಕೆಂಡ್. ಎತ್ತರ ಮಾತ್ರ ನೋಡುವವನಿಗೆ ಎರಡೂ ದಿನ ಸಮ. ಆದರೆ ಆಳದ ನೀರಿನಲ್ಲಿ 9 ಸೆಕೆಂಡಿನ ತೆರೆಯ ಉದ್ದ, ಅಂದರೆ ಒಂದು ನೆತ್ತಿಯಿಂದ ಮುಂದಿನ ನೆತ್ತಿಗಿರುವ ದೂರ, ಸುಮಾರು 126 ಮೀಟರ್. 16 ಸೆಕೆಂಡಿನದು ಸುಮಾರು 400 ಮೀಟರ್. ಮೊದಲನೆಯದು ಅರವತ್ತು ಮೀಟರ್ ಆಳಕ್ಕೆ ಬಂದಾಗಷ್ಟೇ ತಳವನ್ನು ತಾಕಲು ತೊಡಗಿದರೆ, ಎರಡನೆಯದು ಇನ್ನೂರು ಮೀಟರ್ ಆಳದಲ್ಲಿಯೇ ತಳವನ್ನು ಗ್ರಹಿಸಿ, ದಿಬ್ಬದ ಸುತ್ತ ಬಾಗಿ, ತನ್ನ ಬಲವನ್ನೆಲ್ಲ ಅದರ ಮೂಲೆಗೆ ತಂದು ಕೂಡಿಸುತ್ತದೆ. ಎತ್ತರ ಒಂದೇ ಇದ್ದರೂ ದಡಕ್ಕೆ ಬರುವ ಶಕ್ತಿ ಮುಕ್ಕಾಲು ಪಾಲಿನಷ್ಟು ಹೆಚ್ಚು. ತಗ್ಗು ನೀರಿಗೆ ಬಂದ ಮೇಲೆ ಆ ಒಂದೂವರೆ ಮೀಟರಿನ ತೆರೆ ಎರಡೂವರೆ ಮೀಟರಿನವರೆಗೂ ಏಳಬಲ್ಲದು. ಪ್ರಯಾಣದ ವೇಗವೂ ಈ ಸೆಕೆಂಡಿನ ಮೇಲೆಯೇ ನಿಂತಿದೆ. 16 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ, ಅಂದರೆ ನಲವತ್ತೈದು ಡಿಗ್ರಿ ದಕ್ಷಿಣದಿಂದ ತುಲುಸ್ಧೂಗೆ ಐದು ದಿನ. 9 ಸೆಕೆಂಡಿನದಕ್ಕೆ ಅದರ ಹತ್ತಿರಹತ್ತಿರ ಎರಡರಷ್ಟು ದಿನ ಬೇಕು. ಆದ್ದರಿಂದ ಯಾವುದೇ ದೊಡ್ಡ ಸ್ವೆಲ್ ಬರುವಾಗ ಮೊದಲು ಮುಟ್ಟುವುದು ಉದ್ದದ, ಬಲದ ತೆರೆಗಳು. ಎತ್ತರದ ಅಂಕಿ ಇನ್ನೂ ಸಣ್ಣದಾಗಿರುವಾಗಲೇ ಸೆಕೆಂಡಿನ ಅಂಕಿ ಒಮ್ಮೆಲೇ ಮೇಲಕ್ಕೆ ಹಾರಿದರೆ ಏನೋ ಬರುತ್ತಿದೆ ಎಂದು ತಿಳಿಯಬೇಕು.

ಸಸಿಹಿತ್ಲುವಿನ ಮರಳಿನಲ್ಲಿ ಕಲಿತವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಮರಳಿನ ತಳ ತಪ್ಪನ್ನು ಕ್ಷಮಿಸುತ್ತದೆ. ಅಲ್ಲಿ ತಳ ನಿಧಾನವಾಗಿ ಏರುತ್ತದೆ, ತೆರೆ ನೊರೆಯಾಗಿ ಜಾರುತ್ತ ಮುರಿಯುತ್ತದೆ, ಬಿದ್ದರೆ ಮೈಗೆ ಮರಳು ಮೆತ್ತಿಕೊಳ್ಳುತ್ತದೆ ಅಷ್ಟೆ. ಹವಳದ ದಿಬ್ಬ ಆಳದಿಂದ ಗೋಡೆಯಂತೆ ಎದ್ದು ನಿಂತಿರುತ್ತದೆ. ಎರಡು ಮೀಟರಿನ ತೆರೆ ಮುರಿಯಲು ಎರಡೂವರೆ ಮೀಟರ್ ನೀರು ಸಾಕು. ಆ ಗೋಡೆಯ ಅಂಚಿಗೆ ಬಂದ ತೆರೆಗೆ ನಿಧಾನಿಸಲು ಜಾಗವೇ ಇರುವುದಿಲ್ಲ. ಮುರಿಯುವ ಮುಂಚೆ ಅದು ತನ್ನ ಮುಂದಿನ ನೀರನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಬೋರ್ಡಿನ ಮೇಲಿರುವವನ ಕಣ್ಣಿಗೆ ಮೊಣಕಾಲುದ್ದದ ನೀರಿನ ಕೆಳಗೆ ಕಂದು, ಹಳದಿ ಹವಳದ ಗಂಟುಗಳು ಒಂದೊಂದಾಗಿ ಎದ್ದು ಬರುವುದು ಕಾಣುತ್ತದೆ, ನೀರಿನ ಮೇಲ್ಮೈ ಗುಳ್ಳೆಗಳಿಂದ ಕುದಿಯುತ್ತಿರುತ್ತದೆ, ತಲೆಯ ಮೇಲೆ ತೆರೆಯ ತುಟಿ ಮುಂದಕ್ಕೆ ಬಾಗಿರುತ್ತದೆ. ಅಲ್ಲಿ ತಲೆ ಕೆಳಗಾಗಿ ಧುಮುಕಿದರೆ ಕುತ್ತಿಗೆ ಉಳಿಯುವುದಿಲ್ಲ. ಮೈ ಚಪ್ಪಟೆ ಮಾಡಿ, ಕೈಗಳಿಂದ ತಲೆಯನ್ನು ಮುಚ್ಚಿಕೊಂಡು ಬೀಳಬೇಕು. ಹವಳ ತರಚಿದ ಗಾಯವನ್ನು ಕೂಡಲೇ ಶುದ್ಧ ನೀರಿನಲ್ಲಿ ತೊಳೆಯದಿದ್ದರೆ ಅದು ಬೇಗ ಕೀವಾಗುತ್ತದೆ.

ಭರತ ಇಳಿತದ ಸಮಯವನ್ನೂ ಇದರೊಡನೆ ಸೇರಿಸಿ ಓದಬೇಕು. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಎರಡು ಮೀಟರಿನಷ್ಟು ಏರಿಳಿದರೆ ಮಾಲ್ಡೀವ್ಸ್‌ನಲ್ಲಿ ಏರಿಳಿತ ಸಾಮಾನ್ಯವಾಗಿ ಒಂದು ಮೀಟರಿನೊಳಗೆ. ಕೇಳಲು ಕಡಿಮೆ. ಆದರೆ ದಿಬ್ಬದ ಮೇಲಿರುವ ನೀರೇ ಒಂದೂವರೆ ಮೀಟರ್ ಆಗಿರುವಾಗ ಅದರಲ್ಲಿ ಅರ್ಧ ಮೀಟರ್ ಇಳಿದರೂ ಬೆಳಗಿನ ಸರ್ಫಿಂಗ್ ಜಾಗ ಮಧ್ಯಾಹ್ನಕ್ಕೆ ಅಪಾಯದ ಜಾಗವಾಗಿ ಬದಲಾಗಿರುತ್ತದೆ.

ಮುನ್ಸೂಚನೆಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ನನ್ನ ಉತ್ತರ ಹಲವರಿಗೆ ತಿರುಗುಮುರುಗಾಗಿ ಕಾಣಬಹುದು. ಐದು ದಿನದ ಆಚೆಯ ಸ್ಥಳೀಯ ಮಳೆಗಾಳಿಯನ್ನು ನಾನು ನಂಬುವುದಿಲ್ಲ, ಐದು ದಿನದ ಆಚೆಯ ಸ್ವೆಲ್ ಅನ್ನು ಬಹುಮಟ್ಟಿಗೆ ನಂಬುತ್ತೇನೆ. ಮಳೆ ತರುವ ಮೋಡ ಇನ್ನೂ ಹುಟ್ಟಿಲ್ಲ. ಸ್ವೆಲ್ ಆಗಲೇ ಹುಟ್ಟಿ ದಾರಿಯಲ್ಲಿದೆ, ಅದರ ಎತ್ತರವನ್ನು ಮೇಲಿಂದ ಉಪಗ್ರಹಗಳು ಅಳೆಯುತ್ತಿರುತ್ತವೆ. ಇಸ್ರೊ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸೇರಿ 2013ರಲ್ಲಿ ಹಾರಿಸಿದ 'ಸರಳ್' ಉಪಗ್ರಹ ಮಾಡಿದ ಕೆಲಸಗಳಲ್ಲಿ ಇದೂ ಒಂದು. ಆದರೆ ಮುನ್ಸೂಚನೆ ಕೊಡುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಸಮುದ್ರವನ್ನು ಒಡೆದುಕೊಳ್ಳುವ ಚೌಕಗಳು ಹತ್ತಾರು ಕಿಲೋಮೀಟರ್ ಅಗಲದವು. ಅವು ತೆರೆದ ಸಮುದ್ರವನ್ನು ಬಲ್ಲವು, ತುಲುಸ್ಧೂವಿನ ದಿಬ್ಬವನ್ನು ಬಲ್ಲವಲ್ಲ. ದಕ್ಷಿಣ ಅಥವಾ ಆಗ್ನೇಯದಿಂದ ಬಂದ ಸ್ವೆಲ್ ಅಲ್ಲಿಗೆ ನೇರವಾಗಿ ಮುಟ್ಟುತ್ತದೆ, ನೈಋತ್ಯದಿಂದ ಬಂದದ್ದು ನಡುವಿನ ದ್ವೀಪಸಾಲುಗಳ ಮರೆಯಲ್ಲಿ ಕುಗ್ಗಿರುತ್ತದೆ. ಇದನ್ನು ಅಂಕಿಯಿಂದ ದಿಬ್ಬಕ್ಕೆ ಇಳಿಸಿ ಹೇಳಬಲ್ಲವರು ಅಲ್ಲಿನ ದೋಣಿಯವರು ಮಾತ್ರ.

ಹುಡುಗರಿಗೆ ನಾನು ಹೇಳಿದ್ದು ಇಷ್ಟು: ಹೋಗಿ, ಮಳೆಗೆ ಹೆದರಬೇಡಿ, ಆದರೆ ಸೆಕೆಂಡಿನ ಅಂಕಿ 14 ದಾಟಿದ ದಿನ ಬೋರ್ಡು ಹಿಡಿಯದೆ ದೋಣಿಯಲ್ಲಿ ಕುಳಿತು ನೋಡಿ. "ಇಲ್ಲಿಯವರೆಗೆ ದುಡ್ಡು ಹಾಕಿ ಬಂದಿದ್ದೇವೆ, ಇಳಿದೇ ಇಳಿಯೋಣ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ನಡೆದದ್ದು ತಾಹಿತಿ ದ್ವೀಪದ ತೆಅಹುಪೋ ಎಂಬ ರೀಫ್ ಬ್ರೇಕ್‌ನಲ್ಲಿ. ಲೋಕದ ಅತ್ಯುತ್ತಮ ಸರ್ಫರ್‌ಗಳು ಅಲ್ಲಿ ನೆರೆದಿದ್ದರೂ ಕಡಲು ಸರಿಯಿಲ್ಲವೆಂದು ಸ್ಪರ್ಧೆಯನ್ನು ದಿನಗಟ್ಟಲೆ ಮುಂದೂಡಿದರು. ಪ್ಯಾಕೇಜ್ ಮಾರುವವರು ಹೇಳುವ 'ಬೆಸ್ಟ್ ಸೀಸನ್' ಎಂಬುದು ಚೆನ್ನಾಗಿ ಬಲ್ಲವರಿಗೆ ಬೆಸ್ಟ್. ಹೊಸಬರಿಗೆ ಆ ಸೀಸನ್‌ನ ಆಚೀಚಿನ ಸಣ್ಣ ದಿನಗಳೇ ಒಳ್ಳೆಯವು.

ಈ ವಿಷಯ ಸರ್ಫಿಂಗ್ ಮಾಡುವ ನಾಲ್ಕು ಜನಕ್ಕೆ ಸೇರಿದ್ದು ಎಂದು ತಳ್ಳಿಹಾಕಬೇಡಿ. ತುಲುಸ್ಧೂಗೆ ಮುಟ್ಟಿದ ಸ್ವೆಲ್ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಬಿರುಗಾಳಿಯ ತೆರೆಗಳು ಸುಮಾರು ಒಂದು ದಿನದ ನಂತರ ನಮ್ಮ ಮುರುಡೇಶ್ವರ, ಗೋಕರ್ಣಗಳ ಬಂಡೆಗಳಿಗೂ ಬಂದು ಬಡಿಯುತ್ತವೆ. 2007ರ ಮೇ ತಿಂಗಳಲ್ಲಿ ದೂರದ ದಕ್ಷಿಣದಿಂದ ಬಂದ ಇಂತಹ ಸ್ವೆಲ್ ಮಾಲ್ಡೀವ್ಸ್‌ನ ಹತ್ತಾರು ದ್ವೀಪಗಳ ಮನೆಗಳಿಗೆ ನೀರು ನುಗ್ಗಿಸಿತು. 2024ರ ಮೇ ಮೊದಲ ವಾರದಲ್ಲಿ ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಇಂತಹುದೇ ಸ್ವೆಲ್ ಬಗ್ಗೆ ಕೇರಳ, ತಮಿಳುನಾಡು ಕರಾವಳಿಗೆ ಎಚ್ಚರಿಕೆ ಕೊಟ್ಟಿತ್ತು. ಆದರೂ 6ನೇ ತಾರೀಖು ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಉದ್ದ ಸ್ವೆಲ್‌ನ ತೆರೆಗಳು ಗುಂಪುಗುಂಪಾಗಿ ಬರುತ್ತವೆ, ಎರಡು ಗುಂಪುಗಳ ನಡುವೆ ಹತ್ತು ನಿಮಿಷ ಕಡಲು ಶಾಂತವಾಗಿಯೇ ಇರಬಹುದು. ಬಸ್ಸಿನಿಂದಿಳಿದು ಐದು ನಿಮಿಷ ನೋಡಿ ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವರಿಗೆ ಆ ಶಾಂತಿ ಮಾತ್ರ ಕಾಣುತ್ತದೆ. ಮುಂಗಾರಿನಲ್ಲಿ ಅಬ್ಬರ ಕಣ್ಣಿಗೇ ಕಾಣುವುದರಿಂದ ಜನ ಹಿಂದೆ ಸರಿಯುತ್ತಾರೆ. ಶಾಲೆಗಳಿಗೆ ರಜೆ ಇರುವ, ಬಿಸಿಲು ಕಾಯುವ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಹೆಚ್ಚು ಮೋಸದವು.

ಆದ್ದರಿಂದ ಕನ್ನಡದ ಪತ್ರಿಕೆಗಳಿಗೂ ಸುದ್ದಿವಾಹಿನಿಗಳಿಗೂ ನನ್ನ ಕೋರಿಕೆ ಒಂದೇ. ಕರಾವಳಿಯ ಹವಾಮಾನ ಕೊಡುವಾಗ ಅಲೆಯ ಎತ್ತರದ ಪಕ್ಕದಲ್ಲಿ ಸೆಕೆಂಡಿನ ಅಂಕಿಯನ್ನೂ ಅಚ್ಚು ಹಾಕಿ, ಅದನ್ನು ಮಂಗಳೂರು, ಕಾರವಾರದ ಆವೃತ್ತಿಗಳಿಗೆ ಸೀಮಿತಗೊಳಿಸದೆ ದಾವಣಗೆರೆ, ಚಿತ್ರದುರ್ಗದ ಪುಟಗಳಲ್ಲೂ ಕೊಡಿ. ಮೀನುಗಾರರು ಕಡಲನ್ನು ಅದರ ಮುಖ ನೋಡಿಯೇ ಅರಿಯಬಲ್ಲರು. ಶನಿವಾರ ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಟೆಂಪೋ ಟ್ರಾವೆಲರ್ ಹತ್ತುವ ನಮ್ಮೂರಿನವರ ಕೈಗೆ ಆ ಅಂಕಿ ಶುಕ್ರವಾರವೇ ಸಿಗಬೇಕು.